ಬಾಗಿಲು ತೆರೆದಿಡಬೇಕಂತೆ

ನವೆಂಬರ್ ೯, ಭಾನುವಾರ

ಮೂಲಂಗಿಗೆ ಉಪ್ಪು ಹಚ್ಚಿಟ್ಟು ಸಂಡೇ ಸ್ಕೂಲಿಗೆ ಓಡಿದೆ. ಎರಡು ಸಲ ತೊಳೆದರೂ ಕೈಯಲ್ಲಿ ಬೆಳ್ಳುಳ್ಳಿ ವಾಸನೆ. ಮೂರನೇ ಕ್ಲಾಸಿನ ಮಕ್ಕಳಿಗೆ ಅಭ್ಯಾಸವಾಗಿಬಿಟ್ಟಿದೆ. "ಟೀಚರ್ ಬಂದ್ರು, ವಾಸ್ನೆ ಬಂತು" ಅನ್ನುತ್ತವೆ. ಇವತ್ತು ಮೀನಿನ ಹೊಟ್ಟೆ ಸೇರಿದ ಯೋನನ ಕಥೆ. ಗುನ್ಸಾನ್ ಬಂದರಿನ ಮಕ್ಕಳ ಮುಂದೆ ಮೀನಿನ ಕಥೆ ಹೇಳುವುದು ಸುಲಭವಲ್ಲ. ಯಾವ ಜಾತಿ ಮೀನು, ಹಲ್ಲಿತ್ತಾ, ಯಾವ ಬಲೆಗೆ ಬೀಳುತ್ತೆ... ದೇವರೇ ಬಲ್ಲ ಎಂದೆ.

ಆಮೇಲೆ ಟೀಚರ್‌ಗಳ ಮೀಟಿಂಗ್. ಹೊಸ ಉಪದೇಶಿ ಯೆರಿಮ್ ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟಳು. ಸೆಮಿನರಿ ಓದೇ ಇನ್ನೂ ಮುಗಿದಿಲ್ಲ, ಮಕ್ಕಳ ವಿಭಾಗ ಪೂರ್ತಿ ಅವಳ ಕೈಯಲ್ಲಿ. ಮುಂದಿನ ವರ್ಷದಿಂದ ಟೀಚರ್‌ಗಳು ಹೇಗಿರಬೇಕೆಂದು ಚರ್ಚಿನ ಸಭೆ ಬಯಸುತ್ತದೋ, ಅದಂತೆ. ಬೇಗ ಬರಬೇಕು. ಸರಿ. ಬರದಿದ್ದರೆ ಮೊದಲೇ ತಿಳಿಸಬೇಕು. ಸರಿ. ಕೋಣೆಯಲ್ಲಿ ಯಾವಾಗಲೂ ದೊಡ್ಡವರು ಇಬ್ಬರಿರಬೇಕು, ಬಾಗಿಲು ತೆರೆದಿಡಬೇಕು. ಒಂಟಿ ಮಗುವನ್ನು ಯಾರೂ ಗಾಡಿಯಲ್ಲಿ ಕರೆದೊಯ್ಯಬಾರದು—

ಗಾಡಿ! ಈ ಸಭೆಯಲ್ಲಿ ಅದನ್ನು ಮಾಡುವವಳು ನಾನೊಬ್ಬಳೇ. ಪ್ರತಿ ಭಾನುವಾರ ನನ್ನ ಕ್ಲಾಸಿನ ನಾರೆಯನ್ನು ನಮ್ಮ ಪಲ್ಯ, ಉಪ್ಪಿನಕಾಯಿ ಅಂಗಡಿಯ ವ್ಯಾನಿನಲ್ಲಿ ಬಂದರಿನ ಹಿಂದಿನ ಗಲ್ಲಿಗೆ, ಅವಳ ಅಜ್ಜಿ ಮನೆಗೆ ಬಿಟ್ಟು ಬರುತ್ತೇನೆ. ತಾಯಿ ಬಿಟ್ಟು ಹೋದ ಮಗು. ಚಳಿಯಲ್ಲಿ ನಡೆದು ಹೋಗಲಿ ಅಂತೀರಾ? ಯಾರೋ ಚಾಡಿ ಹೇಳಿದ್ದಾರೆ.

ಬಿಡಲಿಲ್ಲ. ಎಲ್ಲರೆದುರೇ ಕೇಳಿದೆ. "ಇದು ಯಾರಿಗೋಸ್ಕರ ಬರೆದಿದ್ದು, ಉಪದೇಶಿಗಳೇ?"

"ಎಲ್ರಿಗೂ ಅಕ್ಕಾ. ಯಾರೊಬ್ರಿಗೂ ಅಂತಲ್ಲ."

ಹೇಳುವಾಗ ನನ್ನ ಮುಖ ನೋಡಲಿಲ್ಲ. ಹಾಳೆ ನೋಡುತ್ತಿದ್ದಳು.

ಕೊನೆಯ ಮಾತು ಮಾತ್ರ ಚೆನ್ನಾಗಿತ್ತು. ಮಗು ನಂಬಿ ಹೇಳಿದ್ದನ್ನು ಹೊರಗೆ ಹೇಳಬಾರದು, ಪ್ರಾರ್ಥನೆಯ ಹೆಸರಿನಲ್ಲೂ. ಅಪಾಯದ ಮಾತಾದರೆ ಉಪದೇಶಿಗೆ ಮಾತ್ರ. "ಆಮೆನ್" ಎಂದೆ ಜೋರಾಗಿ, ಸುನ್‌ಬೋಕ್ ಅಕ್ಕನ ಕಡೆ ತಿರುಗಿ. ಐದನೇ ಕ್ಲಾಸಿನ ಟೀಚರ್, ಊರಿನ ರೇಡಿಯೋ. ಅವಳು ಕಿತ್ತಳೆ ಸುಲಿಯುತ್ತಾ ಕೂತಿದ್ದಳು. ಮುಟ್ಟಲೇ ಇಲ್ಲ ಅವಳಿಗೆ.

ಡಿಸೆಂಬರ್ ಮೊದಲ ಭಾನುವಾರದೊಳಗೆ ಸಹಿ ಹಾಕಬೇಕು. ಹಾಕದವರಿಗೆ ಕ್ಲಾಸ್ ಇಲ್ಲ. ಹತ್ತೊಂಬತ್ತು ವರ್ಷ ಸಂಬಳವಿಲ್ಲದೆ ದುಡಿದವಳಿಗೆ!

ನವೆಂಬರ್ ೧೨, ಬುಧವಾರ, ಬೆಳಿಗ್ಗೆ ಏಳು

ಬೆಳಗಿನ ಜಾವದ ಪ್ರಾರ್ಥನೆ ಮುಗಿಸಿ ಬಂದೆ. ಹೊಟ್ಟೆಯೊಳಗಿನ ಉರಿ ಆರಿಲ್ಲ. ಬೆಂಕಿಯಿಲ್ಲದೆ ಹೊಗೆ ಆಡುತ್ತದೆಯೇ?

ಪ್ರಾರ್ಥನೆ ವಿಷಯಗಳೇನು ಎಂದು ಸಭಾಪಾಲಕರು ಕೇಳಿದಾಗ ನಾನೂ ಎದ್ದೆ. ಹೋದ ಭಾನುವಾರ ವ್ಯಾನಿನಲ್ಲಿ ನಾರೆ ಹೇಳಿದ್ದು ಎದೆಯಲ್ಲಿ ಕೂತುಬಿಟ್ಟಿತ್ತು. ಬೆಲ್ಲದ ಪಾಕದ ಸಿಹಿಗೆಣಸು ಕೊಟ್ಟು ಮೆಲ್ಲಗೆ ಕೇಳಿದ್ದೆ, ಅಮ್ಮ ಫೋನ್ ಮಾಡ್ತಾಳಾ ಪುಟ್ಟಾ ಅಂತ. ಇಕ್ಸಾನ್‌ನಲ್ಲಿದ್ದಾಳಂತೆ. ಅಲ್ಲಿ ಯಾರೋ ಕೋಳಿ ಅಂಗಡಿಯವನ ಜೊತೆ. ಈಗ ಒಂದು ಪಾಪು ಬೇರೆ. "ಅಜ್ಜಿಗೆ ಗೊತ್ತಿಲ್ಲ ಟೀಚರ್" ಎಂದಿತು. ಇಂಥದ್ದನ್ನು ದೇವರ ಮುಂದಿಡದೆ ಇನ್ನೆಲ್ಲಿ ಇಡಲಿ?

ಹೆಸರು ಹೇಳಲಿಲ್ಲ. ನನ್ನ ಕ್ಲಾಸಿನ ಒಂದು ಹೆಣ್ಣುಮಗು, ಅಜ್ಜಿ ಕಪ್ಪೆಚಿಪ್ಪು ಬಿಡಿಸುವ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಾರೆ, ಎಂದಷ್ಟೇ. ಅಕ್ಟೋಬರಿನಲ್ಲೂ ಹೀಗೇ ಕೇಳಿಕೊಂಡಿದ್ದೆ, ತಾಯಿ ಓಡಿಹೋದಾಗಿನ ವಿಷಯ, ಅದೂ ನಾರೆ ವ್ಯಾನಿನಲ್ಲಿ ಹೇಳಿದ್ದೇ. ಇವತ್ತೂ ಎಲ್ಲರೂ ಅತ್ತರು. ಸುನ್‌ಬೋಕ್ ಅಕ್ಕ ಎಲ್ಲರಿಗಿಂತ ಜೋರಾಗಿ ಅತ್ತಳು.

ಗಂಡ ಬೆಳ್ಳುಳ್ಳಿ ಸುಲಿಯುತ್ತಾ ಕೇಳಿದ, ಯಾಕೆ ಮುಖ ಗಂಟು ಹಾಕ್ಕೊಂಡಿದೀಯ ಎಂದು. ಹಾಳೆ ವಿಷಯ ಹೇಳಿದೆ. ನಕ್ಕುಬಿಟ್ಟ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ನಿಂಗ್ಯಾಕೇ ಉರಿ?"

"ನಾನೇನು ಕದ್ದಿದೀನಿ?"

"ಹಂಗಾದ್ರೆ ಸಹಿ ಹಾಕು, ಕೈ ತೊಳ್ಕೊ."

ಚರ್ಚಿನ ಮೆಟ್ಟಿಲು ಹತ್ತದ ಮನುಷ್ಯ ಬುದ್ಧಿ ಹೇಳುತ್ತಾನೆ.

ನವೆಂಬರ್ ೧೬, ಭಾನುವಾರ

ನಾರೆ ವ್ಯಾನ್ ಹತ್ತಲಿಲ್ಲ.

ಬಾಗಿಲು ತೆಗೆದು ಹಿಡಿದು ನಿಂತಿದ್ದೆ. "ನಡ್ಕೊಂಡು ಹೋಗ್ತೀನಿ ಟೀಚರ್." ಗಾಳಿ ಮುಖಕ್ಕೆ ಹೊಡೆಯುತ್ತಿದೆ, ಸಮುದ್ರದ ಕಡೆಯಿಂದ. "ಬಾರೇ, ನೆಗಡಿ ಆಗುತ್ತೆ." "ಬೇಡ ಟೀಚರ್." ತಲೆ ಎತ್ತದೆ ಬೂಟಿನ ತುದಿ ನೆಲಕ್ಕೆ ಉಜ್ಜಿ ಹೊರಟೇಬಿಟ್ಟಳು. ಸೀಟಿನ ಮೇಲೆ ಗೆಣಸು ಹಾಗೇ ತಣ್ಣಗಾಯಿತು.

ಈಗ ಗೊತ್ತಾಯಿತು ಇದು ಯಾರ ಆಟ. ಕ್ಲಾಸಿಗೆ ಮುಂಚೆ ಚಪ್ಪಲಿ ಗೂಡಿನ ಹತ್ತಿರ ಉಪದೇಶಿ ಮಂಡಿಯೂರಿ ಕೂತು ನಾರೆ ಜೊತೆ ಪಿಸುಪಿಸು ಮಾತಾಡುತ್ತಿದ್ದಳು. ನನ್ನನ್ನು ಕಂಡದ್ದೇ ಇಬ್ಬರೂ ಗಪ್‌ಚುಪ್. ಮಗುವಿನ ತಲೆ ಕೆಡಿಸಿದ್ದಾಳೆ. ಓಕ್ರಾನ್ ಟೀಚರ್ ಜೊತೆ ಹೋಗಬೇಡ, ಹಾಗೆ, ಹೀಗೆ. ನನ್ನ ಕ್ಲಾಸ್ ಕಸಿದು ತನ್ನ ಸೆಮಿನರಿ ಗೆಳತಿಗೆ ಕೊಡುವ ಹುನ್ನಾರ ಇರಬೇಕು. ಅಥವಾ ಸುನ್‌ಬೋಕ್ ಅಕ್ಕ ಅವಳ ಕಿವಿ ಊದಿದ್ದಾಳೆ. ಅಥವಾ ಇಬ್ಬರೂ ಸೇರಿ.

ನನಗೆ ಮಕ್ಕಳಿಲ್ಲ. ಅದು ಎಲ್ಲರಿಗೂ ಗೊತ್ತು. ವಾರಕ್ಕೊಮ್ಮೆ ಆ ಹತ್ತು ನಿಮಿಷದ ದಾರಿ ನನಗೆ ಏನೆಂದು ಯಾರಿಗೂ ಗೊತ್ತಿಲ್ಲ.

ನವೆಂಬರ್ ೨೨, ಶನಿವಾರ

ಸಭೆಯ ಚಳಿಗಾಲದ ಕಿಮ್ಚಿ ಹಾಕುವ ದಿನ. ಸೊಂಟ ಬಿದ್ದುಹೋಗಿದೆ. ಚರ್ಚಿನ ಅಂಗಳದಲ್ಲಿ ಉಪ್ಪಿನಲ್ಲಿ ನೆಂದ ಎಲೆಕೋಸಿನ ಗುಡ್ಡ. ಬೇಕೆಂದೇ ಸುನ್‌ಬೋಕ್ ಅಕ್ಕನ ಪಕ್ಕದಲ್ಲಿ ಕೂತೆ. ಕೈಯಲ್ಲಿ ಕೆಲಸವಿದ್ದಾಗ ಬಾಯಿ ಬೇಗ ಬಿಡುತ್ತದೆ.

"ಅಕ್ಕಾ, ನನ್ನ ವ್ಯಾನಿನ ವಿಷ್ಯ ಯಾರೋ ಉಪದೇಶಿಗೆ ಹೇಳಿದಾರಂತೆ."

"ಹೌದಾ? ನಿನ್ ವ್ಯಾನಲ್ಲಿ ಏನಿದೆ ಹೇಳೋಕೆ? ಮೂಲಂಗಿ ವಾಸ್ನೆ."

"ನೀವೇನಾದ್ರೂ..."

"ಲೇ ಓಕ್ರಾನ್! ನಂಗೆ ನನ್ ಮಂಡಿನೋವೇ ಸಾಕಾಗಿದೆ. ನಿನ್ ವ್ಯಾನ್ ಹಿಂದೆ ಓಡ್ಲಾ?" ಖಾರದ ಗ್ಲೌಸಿನ ಕೈ ನನ್ನ ಮೂಗಿನ ಮುಂದೆ ಆಡಿಸಿದಳು. ಆಮೇಲೆ ದನಿ ಇಳಿಸಿ, "ಪಾಪ ಕಣೇ ಆ ನಾರೆ ಅಜ್ಜಿ. ಬಾಣಂತಿಗೆ ಸಾರು ಮಾಡ್ಲಿ ಅಂತ ಒಳ್ಳೇ ಒಣ ಕಡಲಪಾಚಿ ಶೆಡ್ಡಿಗೇ ತಗೊಂಡು ಹೋಗಿ ಕೊಟ್ಟೆ. 'ನಿಮ್ ಮಗಳಿಗೆ ಕಳ್ಸಿ ಅಜ್ಜಿ, ಪಾಪೂಗೆ ನೂರನೇ ದಿನದ ಊಟ ಯಾವಾಗ' ಅಂದೆ. ಚಿಪ್ಪು ಬಿಡಿಸ್ತಿದ್ದ ಚಾಕು ಹಂಗೇ ಹಿಡ್ಕೊಂಡು ನನ್ನೇ ನೋಡ್ತಾ ಕೂತ್ಬಿಟ್ರು. ಥ್ಯಾಂಕ್ಸ್ ಕೂಡ ಇಲ್ಲ!"

ನನ್ನ ಕೈಯಿಂದ ಎಲೆಕೋಸು ಜಾರಿ ಬಿತ್ತು.

"ಅಜ್ಜಿಗೆ ಗೊತ್ತಿರ್ಲಿಲ್ಲ ಅಕ್ಕಾ!"

"ಗೊತ್ತಿಲ್ಲ ಅಂತ ನೀನು ಹೇಳ್ಳಿಲ್ವಲ್ಲ."

"ನಾನು ಹೆಸ್ರೇ ಹೇಳಿರ್ಲಿಲ್ಲ!"

"ಚಿಪ್ಪು ಬಿಡಿಸೋ ಅಜ್ಜಿ, ಮೂರನೇ ಕ್ಲಾಸು, ಹೆಣ್ಣುಮಗು. ಈ ಊರಲ್ಲಿ ಇನ್ನೆಷ್ಟು ಜನ ಇದಾರೇ?"

ಎಂಥಾ ಹೆಂಗಸು! ಪ್ರಾರ್ಥನೆ ಕೋಣೆಯಲ್ಲಿ ಹೇಳಿದ್ದನ್ನು ಬಂದರಿಗೆ ಹೊತ್ತುಕೊಂಡು ಹೋಗಿದ್ದಾಳೆ. ಹಾಳೆಯ ಕೊನೆಯ ಮಾತು ಇವಳಿಗೇ ಬರೆದದ್ದು ಎಂದು ನಾನು ಅವತ್ತೇ ಅಂದುಕೊಂಡಿದ್ದೆ.

ನವೆಂಬರ್ ೨೩, ಭಾನುವಾರ

ನಾರೆ ಬರಲಿಲ್ಲ. ಕ್ಲಾಸಿನಲ್ಲಿ ಏನು ಹೇಳಿಕೊಟ್ಟೆನೋ ನೆನಪಿಲ್ಲ.

ಹೊಸ ಕಿಮ್ಚಿ, ಬೇಯಿಸಿದ ಹಂದಿಮಾಂಸ ಡಬ್ಬಿಗೆ ತುಂಬಿಕೊಂಡು ಅವಳ ಮನೆಗೆ ಹೋದೆ. ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. ಒಳಗೆ ಕರೆಯಲಿಲ್ಲ. ಅವರ ಬೆನ್ನ ಹಿಂದೆ ನಾರೆಯ ಕಾಲುಚೀಲ ಕಂಡಿತು, ಆಮೇಲೆ ಅದೂ ಇಲ್ಲ.

"ಟೀಚರಮ್ಮಾ," ಎಂದರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ನನ್ ಮಗಳು ಹೆತ್ತಿದ್ದು ಊರಿಗೆಲ್ಲಾ ಗೊತ್ತು. ಶೆಡ್ಡಲ್ಲಿ ಎಲ್ರೆದ್ರು ನಂಗೆ ಗೊತ್ತಾಯ್ತು. ನಿಮ್ ದೇವ್ರಿಗೆ ಹೇಳೋ ಮುಂಚೆ ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಅಜ್ಜಿ, ನಾನಲ್ಲ, ಸುನ್‌ಬೋಕ್ ಅಕ್ಕ..."

ಬಾಗಿಲು ಹಾಕಿಕೊಂಡರು. ಡಬ್ಬಿ ಹೊಸ್ತಿಲಲ್ಲಿಟ್ಟು ಬಂದೆ.

ನಾನಲ್ಲ. ಅದು ನಿಜ ತಾನೇ? ಅಲ್ಲಿಗೆ ಹೋಗಿ ಹೇಳಿದ್ದು ನಾನಲ್ಲ.

ಡಿಸೆಂಬರ್ ೩, ಬುಧವಾರ

ಹತ್ತು ದಿನ ಬರೆಯಲಿಲ್ಲ. ಹೋದ ಭಾನುವಾರವೂ ನಾರೆ ಬರಲಿಲ್ಲ. ಅಂಗಡಿಯಲ್ಲಿ ಎರಡು ಸಲ ತೋಫುವಿಗೆ ಸಕ್ಕರೆ ಹೆಚ್ಚಾಯಿತು. ಗಂಡ ಹಾಗೇ ತಿಂದ.

ಇವತ್ತು ಮಧ್ಯಾಹ್ನ ಉಪದೇಶಿಯ ಕೋಣೆಗೆ ನುಗ್ಗಿದೆ. ಹಾಳೆಯನ್ನು ಮೇಜಿನ ಮೇಲಿಟ್ಟೆ. ಚಾಡಿ ಹೇಳಿದ್ದು ಯಾರು ಅಂತ ಹೇಳಿ, ಆಮೇಲೆ ಸಹಿ ಎಂದೆ. ಸುನ್‌ಬೋಕ್ ಅಕ್ಕ ತಾನೇ?

"ಅಲ್ಲ ಅಕ್ಕಾ."

"ಮತ್ತೆ? ಸಭೆ ಹಿರಿಯರಾ? ಯಾವುದಾದ್ರೂ ಮಗುವಿನ ತಾಯಿ?"

ಅವಳು ಬಾರ್ಲಿ ಟೀ ಬಗ್ಗಿಸಿ ನನ್ನ ಮುಂದಿಟ್ಟಳು. ಕಣ್ಣ ಸುತ್ತ ಕಪ್ಪು. ಎಷ್ಟು ಚಿಕ್ಕ ಹುಡುಗಿ ಎಂದು ಈಗಲೇ ಕಂಡಿದ್ದು.

"ಹೇಳಲ್ಲ ಅಕ್ಕಾ. ಬೈರಿ, ಪರ್ವಾಗಿಲ್ಲ. ಹೇಳಿದ್ರೆ ಈ ಹಾಳೇಲಿರೋ ಕೊನೇ ಮಾತನ್ನ ಮೊದ್ಲು ಮುರಿದೋಳು ನಾನೇ ಆಗ್ತೀನಿ."

"ಓಹೋ, ದೊಡ್ಡ ಗುಟ್ಟು" ಎಂದು ಎದ್ದು ಬಂದೆ. ಮೆಟ್ಟಿಲಿಳಿದೆ. ವ್ಯಾನ್ ಸ್ಟಾರ್ಟ್ ಮಾಡಿದೆ. ಮೀನು ಮಾರ್ಕೆಟ್ಟಿನ ಸಿಗ್ನಲ್ಲಿನಲ್ಲಿ ನಿಂತಾಗ ತಲೆಗೆ ಹೊಳೆಯಿತು. ಕೊನೆಯ ಮಾತು ಏನು? ಮಗು ನಂಬಿ ಹೇಳಿದ್ದನ್ನು ಹೊರಗೆ ಹೇಳಬಾರದು.

ಮಗು.

ಹೇಳಿದ್ದು ಒಂದು ಮಗು. ನನ್ನ ವ್ಯಾನ್ ಹತ್ತುತ್ತಿದ್ದ ಮಗು ಒಂದೇ.

ಹಿಂದಿನವರು ಹಾರ್ನ್ ಹೊಡೆದರೂ ಗಾಡಿ ಮುಂದಕ್ಕೆ ಬಿಡಲಾಗಲಿಲ್ಲ. ಅಕ್ಟೋಬರಿನಲ್ಲಿ ಓಡಿಹೋದ ವಿಷಯ ಹೇಳಿದ್ದೆ. ಅದು ಯಾವುದೋ ಮಗುವಿನ ತಾಯಿಯ ಬಾಯಿಂದ ಆ ಮಗುವಿನ ಕಿವಿಗೆ, ಅಲ್ಲಿಂದ ನಾರೆಗೆ ಬಂದಿರುತ್ತದೆ. ಅವಳು ಉಪದೇಶಿಯ ಹತ್ತಿರ ಹೋಗಿದ್ದಾಳೆ. ಹಾಳೆ ಬಂದಿದೆ. ಆ ಹಾಳೆ ಕೈಯಲ್ಲಿ ಹಿಡಿದುಕೊಂಡೇ ಮೂರೇ ದಿನಕ್ಕೆ ನಾನು ಎದ್ದು ನಿಂತು ಪಾಪುವಿನ ವಿಷಯವನ್ನೂ ಹೇಳಿದೆ. ಗೆಣಸು ಕೊಟ್ಟು ಬಾಯಿ ಬಿಡಿಸಿ.

ಊರೆಲ್ಲ ಕಳ್ಳರನ್ನು ಹುಡುಕಿದೆ. ಕುಂಬಳಕಾಯಿ ನನ್ನ ಹೆಗಲ ಮೇಲೇ ಇತ್ತು. ನಾಚಿಕೆಯಿಂದ ಸಾಯುವಂತಾಗಿದೆ.

ಡಿಸೆಂಬರ್ ೭, ಭಾನುವಾರ

ಸಹಿ ಹಾಕಿದೆ. ಉಪದೇಶಿ ಹಾಳೆ ಮಡಿಸಿಟ್ಟುಕೊಂಡಳು.

ಕ್ಲಾಸಿಗೆ ಇಬ್ಬರು ದೊಡ್ಡವರು ಬೇಕಲ್ಲ, ನನ್ನ ಜೊತೆ ಯಾರನ್ನು ಹಾಕಿದ್ದಾರೆ? ಐದನೇ ಕ್ಲಾಸನ್ನೂ ನಮ್ಮ ಕೋಣೆಗೇ ಸೇರಿಸಿ, ಸುನ್‌ಬೋಕ್ ಅಕ್ಕನನ್ನು. ದೇವರಿಗೂ ತಮಾಷೆ.

ನಾರೆ ಬಂದಳು! ಅಜ್ಜಿ ಗೇಟಿನವರೆಗೆ ಬಂದು ಬಿಟ್ಟು ಹೋದರು, ನನ್ನ ಡಬ್ಬಿ ಅವಳ ಕೈಯಲ್ಲಿ ಕೊಟ್ಟು. ತೊಳೆದಿತ್ತು. ಒಳಗೆ ನಾಲ್ಕು ಒಣಮೀನು.

ಡಬ್ಬಿ ಚಾಚಿ, ಕಂಠಪಾಠ ಒಪ್ಪಿಸುವ ಹಾಗೆ ಹೇಳಿದಳು. "ಟೀಚರ್, ಇನ್ಮೇಲೆ ನಂಗೋಸ್ಕರ ಪ್ರಾರ್ಥನೆ ಮಾಡ್ಬೇಡಿ."

ಹತ್ತೊಂಬತ್ತು ವರ್ಷದಲ್ಲಿ ಇಂಥ ಮಾತು ಯಾವ ಮಗುವೂ ನನಗೆ ಹೇಳಿರಲಿಲ್ಲ.

"ಜೋರಾಗಿ ಮಾಡಲ್ಲ ಪುಟ್ಟಾ. ತಪ್ಪಾಯ್ತು."

"ಮನಸಲ್ಲಿ ಮಾಡಿದ್ರೆ ಯಾರಿಗೂ ಕೇಳಲ್ವಾ?"

"ಕೇಳಲ್ಲ."

"ಸುನ್‌ಬೋಕ್ ಟೀಚರ್‌ಗೂ?"

"ಅವ್ರಿಗೂ."

ಹೋಗಿ ಕಡೆಯ ಬೆಂಚಿನಲ್ಲಿ ಕೂತಳು.

ಡಿಸೆಂಬರ್ ೧೭, ಬುಧವಾರ, ಬೆಳಿಗ್ಗೆ

ಪ್ರಾರ್ಥನೆಯಲ್ಲಿ ಸುನ್‌ಬೋಕ್ ಅಕ್ಕ ಮೊಣಕೈಯಿಂದ ತಿವಿದಳು. "ನಿನ್ ಹುಡುಗಿ ಸಮಾಚಾರ ಏನೇ? ಹೇಳು, ಎಲ್ರೂ ಕೇಳ್ಕೊಳ್ಳೋಣ."

"ನನ್ ಮಂಡಿನೋವಿಗೆ ಕೇಳ್ಕೊಳ್ಳಿ ಅಕ್ಕಾ."

"ನಿಂಗ್ಯಾವಾಗ ಬಂತು ಮಂಡಿನೋವು?"

"ನಿಮ್ಮಿಂದ ಅಂಟ್ಕೊಳ್ತು."

ದಿಟ್ಟಿಸಿ ನೋಡಿದಳು. ಈಗ ಅವಳಿಗೆ ನನ್ನ ಮೇಲೆ ಅನುಮಾನ. ಪಡಲಿ.

ಡಿಸೆಂಬರ್ ೨೧, ಭಾನುವಾರ

ಕ್ರಿಸ್‌ಮಸ್ ನಾಟಕದ ಕೊನೆಯ ರಿಹರ್ಸಲ್. ನಾರೆ ಎರಡನೇ ಕುರಿ. ಹತ್ತಿ ಅಂಟಿಸಿದ ಅಂಗಿ ಬೆನ್ನಿನಲ್ಲಿ ಬಿಚ್ಚಿಕೊಂಡಿತ್ತು. ಪಿನ್ನು ಬಾಯಲ್ಲಿ ಕಚ್ಚಿಕೊಂಡು ಸರಿಮಾಡುತ್ತಿದ್ದೆ. ಬಾಗಿಲು ತೆರೆದಿತ್ತು. ಸುನ್‌ಬೋಕ್ ಅಕ್ಕ ಕೋಣೆಯ ಆ ತುದಿಯಲ್ಲಿ ದೇವದೂತನಿಗೆ ರೆಕ್ಕೆ ಕಟ್ಟುತ್ತಾ ಬೈಯುತ್ತಿದ್ದಳು. ನಾನು ಏನೂ ಕೇಳಲಿಲ್ಲ. ಅಮ್ಮನ ಸುದ್ದಿಯನ್ನೂ ಇಲ್ಲ, ಫೋನಿನ ವಿಷಯವನ್ನೂ ಇಲ್ಲ. ಗೆಣಸೂ ಇರಲಿಲ್ಲ.

ನಾರೆ ತಾನಾಗಿಯೇ ತಿರುಗಿದಳು. ಕುರಿಯ ಕಿವಿ ಸರಿಸಿ ನನ್ನ ಕಿವಿಗೆ ಬಾಯಿಟ್ಟು ಒಂದು ಮಾತು ಹೇಳಿದಳು. ಅಪಾಯದ್ದಲ್ಲ, ಉಪದೇಶಿಗೆ ಮುಟ್ಟಿಸಬೇಕಾದ್ದೂ ಅಲ್ಲ. ನನಗೆ ಹೇಳಬೇಕೆಂದು ಅವಳಿಗೆ ಅನಿಸಿತು, ಹೇಳಿದಳು. ಪಿನ್ನು ಬಾಯಲ್ಲಿದ್ದದ್ದು ಒಳ್ಳೆಯದಾಯಿತು, ಅಳು ಬಂದರೂ ದನಿ ಹೊರಡಲಿಲ್ಲ.

ಮನೆಗೆ ಬಂದಾಗ ಗಂಡ ಕೇಳಿದ. "ಏನೇ, ಮುಖ ಇಷ್ಟು ಅರಳಿದೆ? ಏನಂದ್ಲು ಹುಡುಗಿ?"

"ಏನಿಲ್ಲ, ಬೆಳ್ಳುಳ್ಳಿ ಸುಲಿ."

ಇಲ್ಲಾದರೂ ಬರೆದಿಡುತ್ತೇನೆ, ಇದನ್ನು ಯಾರು ಓದುತ್ತಾರೆ? ನಾರೆ ಹೇಳಿದ್ದೇನೆಂದರೆ, ಅವಳ— ಬೇಡ, ಇಲ್ಲೂ ಬರೆಯುವುದಿಲ್ಲ.