ಎಪ್ಪತ್ತು ದಾಟಿದವರ ಕಾರ್ಡ್

ವಿಠ್ಠಲವಾಡಿ

ಕನ್ನಡ ಸಂಘದ ಅಧ್ಯಕ್ಷ ಅಂಬರೀಶನಿಗೆ,

ಸ್ಟೇಷನ್ ಎದುರು ನೀನು ಕಟ್ಟಿಸಿದ ಫ್ಲೆಕ್ಸ್ ನೋಡಿ ಹೇಸಿಗೆಯಾಯಿತು. ನಮ್ಮ ಯಜಮಾನರು ನಿನ್ನ ಕೈಯಿಂದ ಆಯುಷ್ಮಾನ್ ಕಾರ್ಡ್ ತೆಗೆದುಕೊಳ್ಳುವ ಫೋಟೋ, ಅದರ ಕೆಳಗೆ ‘ಬಡ ವೃದ್ಧರಿಗೆ ನಮ್ಮ ಕೊಡುಗೆ’ ಎಂಬ ಬರಹ. ಎಪ್ಪತ್ತು ದಾಟಿದವರಿಗೆಲ್ಲ, ಬಡವರಿರಲಿ ಸಾಹುಕಾರರಿರಲಿ, ಸರ್ಕಾರ ಕೊಡುವ ವಿಮೆ ಅದು. ಆಧಾರ್ ನೋಡಿ ಹೆಸರು ನೋಂದಾಯಿಸಿದ್ದಷ್ಟೇ ನಿನ್ನ ಕೆಲಸ.

ಸೋಮವಾರ ಅವರ ಹೃದಯದ ಆಪರೇಷನ್. “ಭಿಕ್ಷೆ ಕಾರ್ಡ್ ತೋರ್ಸಿ ಎದಿ ಕೊಯ್ಸಿಕೊಳ್ಳೂದಕಿಂತ ಸಾಯೂದು ಚಲೋ” ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ.

ಇವತ್ತೇ ಫ್ಲೆಕ್ಸ್ ಇಳಿಸು. ಮನೆಗೆ ಬಂದು, ಅದು ನಿನ್ನ ದಾನವಲ್ಲವೆಂದು ನಿನ್ನ ಬಾಯಿಂದಲೇ ಅವರಿಗೆ ಹೇಳು. ಈ ಮನೆಯಲ್ಲಿ ನನ್ನ ಮಾತು ಮೀರಿದವರಿಲ್ಲ. ಈಗ ಅವರು ಕೇಳುತ್ತಿಲ್ಲ.

ಆಶೀರ್ವಾದ, ನೀನು ಬಂದು ಹೋದ ಮೇಲೆ.

ನೀಲಗಂಗಾ ಬಿರಾದಾರ