ಕೂಗಿ ಹೇಳಲಾಗದ ಮಾತು

ಇಳಕಲ್
ಗುರುವಾರ, ೧೩ ನವೆಂಬರ್ ೨೦೨೫
ಮಧ್ಯಾಹ್ನ, ಊಟದ ಬಿಡುವು

ಗ್ರಾನೈಟ್ ಕಾರ್ಖಾನೆಯ ಕ್ರೇನಿನ ಮೇಲೆ ಇಪ್ಪತ್ತೇಳು ವರ್ಷ ಏಕಛತ್ರಾಧಿಪತ್ಯ ನಡೆಸಿದ, ಕಲ್ಲಿನ ತೂಕವನ್ನು ಬರೀ ಕಣ್ಣಿನಿಂದ ಹೇಳುವ, ಚಹಾವನ್ನು ಬಸಿಯಲ್ಲಿಯೇ ಕುಡಿಯುವ ಶ್ರೀಮಾನ್ ಚಾಂದಸಾಬ ಕಾಕಾ ಅವರ ಸನ್ನಿಧಿಗೆ, ಶಿಷ್ಯ ಮಿಲಿಂದನ ಸಾಷ್ಟಾಂಗ ನಮಸ್ಕಾರಗಳು.

ದಿನಾ ಎದುರಿಗೆ ಸಿಗುವವನು ಪತ್ರ ಬರೆದಿದ್ದಾನೆಂದರೆ ಇದೂ ಅವನ ಒಂದು ಆಟವೇ ಎಂದು ನೀವು ನಗುತ್ತಿರಬಹುದು. ತಪ್ಪು ನಿಮ್ಮದಲ್ಲ. ಹೋದ ವರ್ಷ ಮಾಲಕರ ಸಹಿ ಹಾಕಿ ನಿಮಗೆ 'ಕ್ರೇನ್ ಕೇಸರಿ' ಬಿರುದು ಕೊಟ್ಟ ಆದೇಶಪತ್ರ ಬರೆದವನೂ ನಾನೇ. ಆದರೆ ಇದು ಆಟವಲ್ಲ ಕಾಕಾ. ಈ ಸಲ ಕೆಳಗೆ ನನ್ನ ಸಹಿಯೇ ಇದೆ. ಪೇಪರನ್ನು ಓಣಿಗೆಲ್ಲ ಕೇಳುವಂತೆ ಓದುವ ರೂಢಿ ನಿಮ್ಮದು. ಇದನ್ನು ದಯವಿಟ್ಟು ಮನಸ್ಸಿನಲ್ಲಿಯೇ ಓದಿಕೊಳ್ಳಿ. ಮನೆಯಲ್ಲಿ ಹಜರತಬಿ ಕಾಕು ಪಕ್ಕದಲ್ಲಿದ್ದರೂ ಮೊದಲು ಒಬ್ಬರೇ ಓದಿ.

ಪತ್ರವೇ ಯಾಕೆ ಎಂದರೆ, ಈ ಮಾತನ್ನು ಮೆಲ್ಲಗೆ ಹೇಳಿದರೆ ನಿಮಗೆ ಕೇಳುವುದಿಲ್ಲ. ಕೂಗಿ ಹೇಳಿದರೆ ಇಡೀ ಕಾರ್ಖಾನೆಗೆ ಕೇಳುತ್ತದೆ.

ಬರೆದುಬಿಟ್ಟೆ. ಈ ಒಂದು ಸಾಲು ಬರೆಯಲು ಮೂರು ದಿನ ಬೇಕಾಯಿತು. ನಿಮ್ಮ ಕಿವಿ ಮಂದವಾಗಿದೆ ಕಾಕಾ. ಅದು ನಿಮಗೂ ಗೊತ್ತು ಎಂದು ನನಗೆ ಗೊತ್ತು.

ಸೋಮವಾರ ನಿಮ್ಮ ಕ್ಯಾಬಿನ್ನಿನ ಕೆಳಗೆ ಏನಾಯಿತು ಎಂಬುದು ನಿಮಗೆ ಅರ್ಧ ಮಾತ್ರ ಗೊತ್ತಿದೆ. ಉಳಿದರ್ಧ ಹೇಳುತ್ತೇನೆ. ಕಲ್ಲಿಗೆ ಬೆಲ್ಟು ಕಟ್ಟಿದ ಈರಪ್ಪಣ್ಣ ಒಂದು ಸೀಟಿ ಊದಿ ಕೈ ಮೇಲೆ ಮಾಡಿದ, ನೀವು ಕಲ್ಲು ಎತ್ತಿದಿರಿ. ಎದೆಮಟ್ಟ ಏರಿದ ಮೇಲೆ ಬೆಲ್ಟು ಒಂದು ಕಡೆ ಜಾರುವುದು ಅವನಿಗೆ ಕಂಡಿತು. ಮೂರು ಸೀಟಿ ಎಂದರೆ ನಿಲ್ಲಿಸು. ಅವನು ಮೂರು ಊದಿದ. ಕ್ರೇನು ನಿಲ್ಲಲಿಲ್ಲ. ಮತ್ತೆ ಮೂರು ಊದಿದ. ನೀವು ಮುಂದೆಯೇ ನೋಡುತ್ತಿದ್ದಿರಿ. ಕಲ್ಲು ಸುತ್ತಿ ಅವನ ಕಡೆ ಬಂದಾಗ ಅವನು ಹಿಂದಕ್ಕೆ ಜಿಗಿದ. ಜಿಗಿದದ್ದು ಅವನು ಮಾತ್ರ, ಎಡಗಾಲಿನ ಚಪ್ಪಲಿ ಅಲ್ಲಿಯೇ ಉಳಿಯಿತು. ಕಲ್ಲು ಅದರ ಮೇಲೆ ಇಳಿಯಿತು.

ಮುಂದಿನದು ನೀವು ನೋಡಿದ್ದೀರಿ. ಕಲ್ಲು ಸರಿಸಿದ ಮೇಲೆ ಹಪ್ಪಳದಂತಾಗಿದ್ದ ಚಪ್ಪಲಿಯ ಮುಂದೆ ನಾನು ಹೆಲ್ಮೆಟ್ ತೆಗೆದು ನಿಂತೆ. ಮೃತರು ಬಲಗಾಲಿನ ಜೋಡಿಯನ್ನೂ ಅಪಾರ ಬಂಧುಬಳಗವನ್ನೂ ಅಗಲಿದ್ದಾರೆ ಎಂದು ಘೋಷಿಸಿ ಎರಡು ನಿಮಿಷ ಮೌನ ಆಚರಿಸಿದೆ. ಸೀಟಿಯಲ್ಲಿ ಕಲ್ಲಿನ ಪುಡಿ ತುಂಬಿತ್ತು, ಅದಕ್ಕೇ ಸದ್ದು ಬರಲಿಲ್ಲ ಎಂದು ನಾನೇ ಎಲ್ಲರಿಗೂ ಸಾರಿದೆ. ಎಲ್ಲರೂ ನಕ್ಕರು. ಕೆಳಗಿಳಿದು ಬಂದ ನೀವೂ ನಕ್ಕಿರಿ, ಆದರೆ ಒಂದು ಕ್ಷಣ ತಡವಾಗಿ. ಮೊದಲು ನಮ್ಮೆಲ್ಲರ ಮುಖ ನೋಡಿ, ಆಮೇಲೆ. ನನಗೆ ಆ ಸೀಟಿಗಿಂತ ಆ ತಡವಾದ ನಗೆಯ ಅಂಜಿಕೆ ಹೆಚ್ಚಾಯಿತು.

ಸೀಟಿಯಲ್ಲಿ ಪುಡಿ ಇರಲಿಲ್ಲ. ಈರಪ್ಪಣ್ಣ ಸಂಜೆ ಬಂದು, "ಆರು ಸಲ ಊದೇನ್ರಿ ಸರ್, ಆರು ಸಲ. ಆ ಕಡೆ ಪಾಲಿಶ್ ಮಾಡೋರು ಸೈತ ಹೊಳ್ಳಿ ನೋಡಿದ್ರು" ಅಂದ.

ಅಂದಿನಿಂದ ಕ್ರೇನು ನಿಂತಿದೆ. ತಂತಿಹಗ್ಗದ ಎಳೆ ಬಿಟ್ಟಿದೆ, ಪರೀಕ್ಷೆ ಮಾಡಿಸಬೇಕು ಎಂದು ಮಾಲಕರಿಗೆ ಹೇಳಿದವನು ನಾನು. ಹಗ್ಗ ಭದ್ರವಾಗಿಯೇ ಇದೆ. ಇನ್ನು ಸುಳ್ಳು ನಡೆಯುವುದಿಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಶುರುವಾಗಲೇಬೇಕು ಎಂದು ಅಪ್ಪಣೆಯಾಗಿದೆ. ಮೊದಲನೆಯ ಕಲ್ಲೇ ಹದಿನೆಂಟು ಟನ್. ಕೆಳಗೆ ಮತ್ತೆ ಈರಪ್ಪಣ್ಣನೇ. ಈ ಮೂರು ದಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಸೀಟಿ ಊದಿದರೂ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೇನೆ. ನಮ್ಮವ್ವ, "ಯಾಕೋ, ಸುಮ್ನ ಕೂತಿ? ಯಾರಿಗೆ ಏನ್ ಮಾಡಿ ಬಂದಿ?" ಎಂದು ಕೇಳುತ್ತಿದ್ದಾಳೆ. ನಾನು ಸುಮ್ಮನಿದ್ದರೆ ಮನೆಯವರಿಗೆ ಅನುಮಾನ.

ಈಗ ಒಂದು ತಪ್ಪೊಪ್ಪಿಗೆ. ನಿಮ್ಮ ಕಿವಿಯ ವಿಷಯ ನನಗೆ ಸೋಮವಾರ ತಿಳಿದದ್ದಲ್ಲ. ಎರಡು ತಿಂಗಳಾಯಿತು. ಒಂದು ದಿನ ನೀವು ಬೆಂಚಿನ ಮೇಲೆ ಚಹಾ ಆರಿಸುತ್ತ ಕೂತಿದ್ದಿರಿ. ನಾನು ಹಿಂದೆ ನಿಂತು ಮಾಲಕರ ದನಿಯಲ್ಲಿ, "ಏನ್ ಚಾಂದಸಾಬ, ನಾಳಿಂದ ಮನ್ಯಾಗ ಇರು" ಅಂದೆ. ನೀವು ಹೊರಳಲಿಲ್ಲ. ಹುಡುಗರು, "ಕಾಕಾನ ತಾಳ್ಮಿ ನೋಡ್ರಲೇ" ಎಂದು ಬಿದ್ದುಬಿದ್ದು ನಕ್ಕರು. ಅವರು ಹೋದ ಮೇಲೆ ನಾನು ಅಲ್ಲಿಯೇ ನಿಂತು ನನ್ನ ಸ್ವಂತ ದನಿಯಲ್ಲಿ "ಕಾಕಾ" ಎಂದು ಕರೆದೆ. ಎರಡು ಸಲ. ನೀವು ಬಸಿಯನ್ನು ಊದುತ್ತಲೇ ಇದ್ದಿರಿ.

ಅದೇ ವಾರ ಮಾಲಕರ ಮಗ ಸುನೀಲಕುಮಾರ ಸಾಹೇಬರು ನಮ್ಮಂಥ ಇನ್‌ಚಾರ್ಜ್‌ಗಳನ್ನೆಲ್ಲ ಬಾಗಲಕೋಟೆಯ ಹೋಟೆಲಿಗೆ ಕರೆದೊಯ್ದು, ಕೈಕೆಳಗಿನವರಿಗೆ ಅವರ ಕೆಲಸದ ಒಪ್ಪು ತಪ್ಪು ಹೇಗೆ ಹೇಳಬೇಕು ಎಂದು ಎರಡು ದಿನ ಪಾಠ ಮಾಡಿಸಿದ್ದರು. ಮೊದಲು ಹೊಗಳಿಕೆ, ನಡುವೆ ತಪ್ಪು, ಮೇಲೆ ಮತ್ತೆ ಹೊಗಳಿಕೆ. ಎರಡು ರೊಟ್ಟಿಯ ನಡುವೆ ಖಾರದ ಚಟ್ನಿ. ಬಂದವನೇ ಎಲ್ಲರ ಕೆಲಸಕ್ಕೆ ಅಂಕ ಕೊಡುವ ಫಾರ್ಮು ತುಂಬಿದೆ. ನಿಮ್ಮದರಲ್ಲಿ ಸುರಕ್ಷತೆಗೆ ಐದಕ್ಕೆ ಐದು ಕೊಟ್ಟೆ. ನಿಮಗೆ ಬರೀ ರೊಟ್ಟಿ ಬಡಿಸಿ ಎದ್ದುಹೋದೆ. ಅದು ಗೌರವ ಎಂದುಕೊಂಡಿದ್ದೆ. ಖರೆ ಹೇಳಬೇಕೆಂದರೆ ಅಂಜಿಕೆ. ನಿಮ್ಮನ್ನು ಬಿಟ್ಟು ನನ್ನನ್ನು ಇನ್‌ಚಾರ್ಜ್ ಮಾಡಿದ್ದೇ ಒಂದು ತಪ್ಪು, ಅದರ ಮೇಲೆ ನಾನು ನಿಮ್ಮ ಕೊರತೆ ಎತ್ತಿ ಆಡುವುದೇ ಎಂದು.

ನಿಮಗೆ ಅಂಥ ಪಾಠ ಬೇಕಾಗಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ, ಕೊಯ್ದ ಕಲ್ಲಿನ ಹಲಗೆಗಳನ್ನು ಎರಡೂ ಕಡೆ ಒರಗಿಸಿಡುವ ಸ್ಟ್ಯಾಂಡಿನ ಒಂದೇ ಮಗ್ಗುಲಿನಿಂದ ನಾಲ್ಕು ಹಲಗೆ ತೆಗೆದೆ. ಸ್ಟ್ಯಾಂಡು ಭಾರ ಉಳಿದ ಕಡೆ ವಾಲಿತು. ನೀವು ಓಡಿಬಂದು ಹೆಗಲು ಕೊಟ್ಟಿರಿ, ಒಂದು ಮಾತೂ ಆಡಲಿಲ್ಲ. ಹುಡುಗರೆಲ್ಲ ಚದುರಿದ ಮೇಲೆ ನನಗೆ ಚಹಾ ಕುಡಿಸಿ, "ಲೇ ತಮ್ಮಾ, ಕೈ ಚಲೋ ಅದಾವ ನಿನ್ನವು, ಅವಸರ ಭಾಳ. ಈ ಕಡೆ ಒಂದ ತಗದ್ರ ಆ ಕಡೆ ಒಂದ ತಗೀಬೇಕು. ನಾಳೆ ನನ್ನ ಮುಂದ ತಗದ ತೋರಸು" ಎಂದಿರಿ. ಮರುದಿನ ನಿಜವಾಗಿಯೂ ಬಂದು ನಿಂತಿರಿ. ಅಷ್ಟೇ. ಇವತ್ತಿನವರೆಗೆ ನನ್ನ ಕೈಯಲ್ಲಿ ಒಂದು ಸ್ಟ್ಯಾಂಡೂ ವಾಲಿಲ್ಲ.

ಅದೇ ರೀತಿ ಹೇಳಲು ಪ್ರಯತ್ನಿಸುತ್ತೇನೆ, ತಪ್ಪಿದರೆ ತಿದ್ದಿ. ಕಾಕಾ, ಜಾರುವ ಕಲ್ಲನ್ನು ಅದು ಜಾರುವ ಮೊದಲೇ ಗುರುತಿಸುವ ಕಣ್ಣು ಈ ಊರಿನಲ್ಲಿ ಇನ್ನೊಬ್ಬರಿಗಿಲ್ಲ. ಆದರೆ ಕ್ಯಾಬಿನ್ನಿನಲ್ಲಿ ಮೋಟರಿನ ಸದ್ದಿನ ನಡುವೆ ಸೀಟಿ ನಿಮ್ಮನ್ನು ಮುಟ್ಟುತ್ತಿಲ್ಲ. ನಾಳೆ ಎಂಟಕ್ಕೆ ಮೇಲೆ ರಮಜಾನ ಹತ್ತುತ್ತಾನೆ. ನೀವೇ ಕಲಿಸಿದ ಹುಡುಗ. ನೀವು ಕೆಳಗೆ, ಸುರಕ್ಷತೆಯ ಗೆರೆಯ ಆಚೆ ನಿಂತು ಬೆಲ್ಟು ನೋಡುವವರು, ಸೀಟಿ ಊದುವವರು. ನೀವು ಊದಿದರೆ ನಿಲ್ಲಿಸದಿರುವ ಎದೆ ಅವನಿಗಿಲ್ಲ. ಶನಿವಾರ ಬಾಗಲಕೋಟೆಯ ಕಿವಿ ಡಾಕ್ಟರರ ಕಡೆ ನಾನೇ ಗಾಡಿಯ ಮೇಲೆ ಕರೆದುಕೊಂಡು ಹೋಗುತ್ತೇನೆ. ಕಿವಿಗೆ ಮಶೀನು ಹಾಕಿ ಪರೀಕ್ಷೆ ಮಾಡಿ, ಸರಿ ಇದೆ ಎಂದು ಅವರು ಬರೆದುಕೊಟ್ಟರೆ ಕ್ಯಾಬಿನ್ನು ನಿಮ್ಮದು. ಅಲ್ಲಿಯವರೆಗೆ ಇಲ್ಲ. ಇಡೀ ಪತ್ರದಲ್ಲಿ ಈ ಒಂದು ವಾಕ್ಯಕ್ಕೆ ಮಾತ್ರ ನಾನು ನಿಮ್ಮ ಇನ್‌ಚಾರ್ಜ್.

ಮಾಲಕರು ಇದನ್ನು ಕೇಳಿ ನಿಮ್ಮನ್ನು ಮನೆಗೆ ಕಳಿಸಿಬಿಟ್ಟರೆ ಎಂಬ ಭಯ ನನಗೂ ಇದೆ. ಏಳೂವರೆಗೆ ಅವರ ಮುಂದೆ ಇಬ್ಬರೂ ಕೂಡಿಯೇ ನಿಲ್ಲೋಣ. ನಾನು ಎರಡು ತಿಂಗಳು ಮುಚ್ಚಿಟ್ಟದ್ದನ್ನು ಮೊದಲು ಹೇಳುತ್ತೇನೆ. ಕಳಿಸುವುದಿದ್ದರೆ ಆ ಸಾಲಿನಲ್ಲಿ ಮೊದಲು ನಿಂತವನು ನಾನಾಗಿರುತ್ತೇನೆ.

ಇನ್ನು ನನ್ನ ಪಾಳಿ. ನನ್ನ ತಪ್ಪು ನನಗೆ ಹೇಳುವವರು ಈ ಕಾರ್ಖಾನೆಯಲ್ಲಿ ಯಾರೂ ಇಲ್ಲ. ಬಾಗಲಕೋಟೆಯಿಂದ ಬಂದ ಹುರುಪಿನಲ್ಲಿ ಹುಡುಗರನ್ನೆಲ್ಲ ಕೂಡಿಸಿ, ನನ್ನ ಬಗ್ಗೆಯೂ ಹೇಳಿ ಎಂದು ಕೇಳಿದ್ದೆ. ರಮಜಾನ ನೆಲ ನೋಡುತ್ತ, "ನೀವು ಭಾಳ ಚಲೋ ಅದೀರಿ ಸರ್" ಅಂದ. ಈರಪ್ಪಣ್ಣ ಮಾತ್ರ ಎದ್ದುಹೋಗುವಾಗ, "ಇವತ್ತ ನಾವು ಹೇಳೂದು, ನಾಳೆ ಚಹಾದ ಹೊತ್ತಿನ್ಯಾಗ ನೀವು ಅದನ್ನ ನಾಟಕ ಮಾಡೂದು. ಯಾಕ ಬೇಕ್ರಿ" ಅಂದ. ಅವತ್ತು ಅದಕ್ಕೂ ನಕ್ಕೆ. ನಿಮ್ಮ ಕಿವಿಯ ವಿಷಯ ನೀವೇ ನನಗೆ ಯಾಕೆ ಹೇಳಲಿಲ್ಲ ಎಂಬುದು ಈಗ ಹೊಳೆಯುತ್ತಿದೆ. ಹೇಳಿದ್ದರೆ ನಾನು ನಿಮ್ಮದನ್ನೂ ಆಡಿ ತೋರಿಸುತ್ತಿದ್ದೆನೇ? ಇಲ್ಲ ಎಂದು ಬರೆಯಲು ಹೋಗಿ ಎರಡು ಸಲ ಅಳಿಸಿದ್ದೇನೆ. ನೀವೇ ಹೇಳಿ. ಎದುರಿಗೇ ಹೇಳಿ, ಕೂಗಿಯೇ ಹೇಳಿ, ಎಲ್ಲರಿಗೂ ಕೇಳಲಿ.

ಬೆಳಿಗ್ಗೆ ಏಳೂಕಾಲಿಗೆ ಗೇಟಿನ ಹತ್ತಿರ ಕಾಯುತ್ತೇನೆ. ನೀವು ಬರದೆ ಇದ್ದರೆ ಎಂಬ ಅಂಜಿಕೆಯಲ್ಲಿಯೇ ಈ ಪತ್ರ ಮಡಚುತ್ತಿದ್ದೇನೆ.

ನಿಮ್ಮ ಕೈಯಲ್ಲಿ ಕಲಿತವನು,
ಮಿಲಿಂದ

ತಾ.ಕ.: ಮೇಲೆ ಸುಳ್ಳು ಬರೆದಿಲ್ಲ, ಆದರೆ ಒಂದನ್ನು ಬಿಟ್ಟಿದ್ದೇನೆ. ಸೀಟಿ ನಿಮಗೆ ಕೇಳುವುದಿಲ್ಲ ಎಂದು ಈರಪ್ಪಣ್ಣನಿಗೆ ಒಂದು ವರ್ಷದಿಂದ ಗೊತ್ತಂತೆ. ಸೀಟಿ ಊದಿ, ಕಿಸೆಯಲ್ಲಿಟ್ಟುಕೊಂಡ ಕಲ್ಲಿನ ಹರಳೊಂದನ್ನು ನಿಮ್ಮ ಕ್ಯಾಬಿನ್ನಿನ ಗಾಜಿಗೆ ಎಸೆಯುತ್ತಿದ್ದನಂತೆ. ನೀವು ಅದನ್ನು ನೋಡಿ ನಿಲ್ಲಿಸುತ್ತಿದ್ದಿರಂತೆ. ಇಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಿಲ್ಲವಂತೆ. ಆ ಹರಳು ಯಾಕೆ ಎಂದು ನನಗೆ ಗೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಅವನು ನಾಷ್ಟಾಕ್ಕೆ ಕೂತಾಗ ಮೊಳೆಗೆ ನೇತುಹಾಕಿದ್ದ ಅವನ ಅಂಗಿಯ ಕಿಸೆಯಿಂದ ಆ ಹರಳನ್ನೆಲ್ಲ ತೆಗೆದು ಹುರಿಗಡಲೆ ಪುಠಾಣಿ ತುಂಬಿಟ್ಟೆ, ಬರೀ ನಗೆಚಾಟಿಕೆಗೆ. ಸೀಟಿಯ ಜೊತೆ ಅವನು ಅಂದು ನಿಮ್ಮ ಗಾಜಿಗೆ ಎಸೆದದ್ದು ಪುಠಾಣಿ, ಅದು ಬಡಿದದ್ದು ನಿಮಗೆ ತಿಳಿಯಲೇ ಇಲ್ಲ. ಅವನ ಮನೆಯಾಕೆ ತುಂಬಿರಬೇಕು ಎಂದು ಅವನು ತಿಳಿದಿದ್ದಾನೆ. "ಕಿಸೇ ನೋಡಕೊಳ್ಳಲಿಲ್ರಿ ಸರ್, ತಪ್ಪು ನಂದ" ಎಂದು ಈ ಮೂರು ದಿನದಲ್ಲಿ ಎರಡು ಸಲ ನನ್ನ ಮುಂದೆ ಹೇಳಿದ. ನಾನು ಎರಡೂ ಸಲ ಹೂಂ ಅಂದೆ.