ಮಗ್ಗದ ಗುಂಡಿಗೆ ಸೋಪಿನ ನೀರು

ಮೊಳಕಾಲ್ಮುರು, ೧೯೯೮

ಮಹಡಿವಾಸಿಗಳೂ ಮನೆ ಮಾಲೀಕರೂ ಆದ ವನಜಾಕ್ಷಮ್ಮನವರಿಗೆ ಕೆಳಮನೆ ನೇಕಾರ ನಾಗಭೂಷಣನ ನಮಸ್ಕಾರ.

ಮಹಡಿಯಲ್ಲಿ ಬಟ್ಟೆ ಒಗೆಯುವ ಕೋಣೆ ಕಟ್ಟಿಸಿದ ತಾವು ನೀರು ಹೊರಹೋಗಲು ಪೈಪು ಹಾಕಿಸಲಿಲ್ಲ. ನಾನು ಕಾಲಿಳಿಬಿಟ್ಟು ನೇಯುವ ಮಗ್ಗದ ಗುಂಡಿಯಲ್ಲಿ ತಮ್ಮ ಸೋಪಿನ ನೀರು ನಿಂತಿತು. ಬಿಟ್ಟಿ ಪಾದಪೂಜೆ ಎಂದುಕೊಂಡೆ. ಕೊನೆಗೆ ಹೇಳಲು ಬಂದರೆ, “ನೀರು ಕೆಳಕ್ಕಲ್ದೆ ಮ್ಯಾಲಕ್ಕೆ ಹರೀತೈತೇನಪ್ಪಾ? ಆ ಗುಂಡಿ ಮುಚ್ಚಿಬಿಡು” ಅಂದಿರಿ.

ಮೊನ್ನೆ ನೀರು ಮಗ್ಗದ ಮೇಲೇ ಸೋರಿ, ಸೀರೆಯ ಕೆಂಪಂಚು ಬಿಳಿ ಒಡಲಿಗೆಲ್ಲ ಬಣ್ಣ ಬಿಟ್ಟಿದೆ. ಅದು ತಮ್ಮ ಮಗಳಿಗೆಂದು ತಾವೇ ಹೇಳಿ ನೇಯಿಸುತ್ತಿದ್ದ ಧಾರೆ ಸೀರೆ. ಇನ್ನೊಂದು ನೇಯೋಣವೆಂದರೆ, ಅಪ್ಪಣೆಯಂತೆ ಗುಂಡಿ ಮುಚ್ಚಿದ್ದೇನೆ. ಮಗ್ಗ ಬಿಚ್ಚಿಕೊಂಡು ಕೊಂಡ್ಲಹಳ್ಳಿಗೆ ಹೊರಟಿದ್ದೇನೆ.

ಮುಂದೆ ಬರುವವರಿಗಾದರೂ ಪೈಪು ಹಾಕಿಸಿ. ಸೀರೆಯನ್ನು ಮೆಟ್ಟಿಲ ಮೇಲಿಟ್ಟಿದ್ದೇನೆ. ಒಗೆಯಲು ಕೋಣೆ ಹೇಗೂ ಇದೆ.

ಇಂತು, ಕಾಲು ಒಣಗಿದ
ನಾಗಭೂಷಣ